ಇಂಜಿನ್ ಮಿಸ್ಸಿಂಗ್: ಕೆಟ್ಟ ಸಿಲಿಂಡರನ್ನು ಗುರುತಿಸಿ ಸರಿಪಡಿಸುವ ಕ್ರಮ

ತೆರಕಣಾಂಬಿ ಸುತ್ತಿನ ರೈತರಲ್ಲಿ ಅನೇಕರು ಈಗ ಸ್ವಂತ ಕಾರು ಅಥವಾ ವ್ಯಾನು ಇಟ್ಟುಕೊಂಡಿದ್ದಾರೆ. ಮನೆಮಂದಿಯ ಓಡಾಟಕ್ಕೂ, ನಾಲ್ಕಾರು ಚೀಲ ತರಕಾರಿ ಸಾಗಿಸುವುದಕ್ಕೂ ಅದೇ ಗಾಡಿ. ಹೀಗಿರುವಾಗ ಒಂದು ಬೆಳಿಗ್ಗೆ ಇಂಜಿನ್ ನಡುಗತೊಡಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಸೈಲೆನ್ಸರಿನಿಂದ 'ಪುಟ್ ಪುಟ್' ಎಂದು ತಪ್ಪುತಾಳದ ಸದ್ದು ಬರುತ್ತದೆ. ಇದನ್ನೇ ಮೆಕ್ಯಾನಿಕರು 'ಮಿಸ್ಸಿಂಗ್' ಎನ್ನುತ್ತಾರೆ. ಇದರ ಕಾರಣವನ್ನು ಮನೆಯಂಗಳದಲ್ಲೇ ಬಹುಮಟ್ಟಿಗೆ ಪತ್ತೆಮಾಡಬಹುದು.

ಮಿಸ್ಸಿಂಗ್ ಎಂದರೇನು?

ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರು ಕ್ರ್ಯಾಂಕಿನ ಎರಡು ಸುತ್ತಿಗೆ ಒಮ್ಮೆ ಉರಿಯಬೇಕು. ಉರಿಯಲು ಮೂರು ಬೇಕು: ಸಕಾಲಕ್ಕೆ ಕಿಡಿ, ಸರಿಯಾದ ಪ್ರಮಾಣದ ಗಾಳಿ ಮತ್ತು ಪೆಟ್ರೋಲು, ಸಾಕಷ್ಟು ಒತ್ತಡ. ಒಂದು ತಪ್ಪಿದರೂ ಆ ಸಿಲಿಂಡರು ಕೆಲಸ ಮಾಡುವುದಿಲ್ಲ. ಮಾರುತಿ ಓಮ್ನಿಯಂತಹ 796 ಸಿ.ಸಿ. ಇಂಜಿನ್ನಿನಲ್ಲಿರುವುದು ಮೂರೇ ಸಿಲಿಂಡರು. ಅದರಲ್ಲಿ ಒಂದು ಸತ್ತರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಶಕ್ತಿ ಹೋಗುತ್ತದೆ. ಏಕೆಂದರೆ ಮೂರೆತ್ತಿನ ಕೆಲಸವನ್ನು ಎರಡೆತ್ತು ಮಾಡುವುದಲ್ಲದೆ, ಮಲಗಿದ ಎತ್ತನ್ನೂ ಎಳೆಯಬೇಕು.

ಏಕೆ ತಡಮಾಡಬಾರದು?

ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ರಿಂಗುಗಳನ್ನು ಸವೆಸುತ್ತದೆ. ಉಳಿದದ್ದು ಹೊಗೆ ಕೊಳವೆಯ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಕೆಂಪಗೆ ಕಾದು ಒಳಗೇ ಕರಗಬಹುದು. ಒಂದು ಪ್ಲಗ್ಗಿನ ಬೆಲೆಯಲ್ಲಿ ಮುಗಿಯಬೇಕಾದ ಕೆಲಸಕ್ಕೆ ಆಮೇಲೆ ಅನೇಕ ಸಾವಿರ ರೂಪಾಯಿ ಬೇಕಾಗುತ್ತದೆ. ಇಂತಹ ಗಾಡಿಯನ್ನು ಒಣಹುಲ್ಲು, ಮೆದೆ ಅಥವಾ ಸೋಗೆಯ ಮೇಲೆ ನಿಲ್ಲಿಸಿದರೆ ಬೆಂಕಿ ಹತ್ತುವ ಅಪಾಯವೂ ಉಂಟು.

ನಮ್ಮ ಭಾಗಕ್ಕೆ ಇನ್ನೊಂದು ಮಾತು. ಗುಂಡ್ಲುಪೇಟೆಯಿಂದ ಊಟಿಗೂ ಸುಲ್ತಾನ್ ಬತ್ತೇರಿಗೂ ಹೋಗುವ ರಸ್ತೆಗಳು ಬಂಡೀಪುರದ ಕಾಡಿನೊಳಗೆ ಹಾಯುತ್ತವೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆನೆ ಓಡಾಡುವ ಜಾಗದಲ್ಲಿ ಗಾಡಿ ನಿಂತುಬಿಟ್ಟರೆ ತರಕಾರಿ ಮಾತ್ರವಲ್ಲ, ಜೀವಕ್ಕೂ ಸಂಚಕಾರ. ಮಿಸ್ಸಿಂಗ್ ಇರುವ ಗಾಡಿಯನ್ನು ಕಾಡಿನ ರಸ್ತೆಗೆ ಒಯ್ಯಬೇಡಿ.

ಮೊದಲು ಗಮನಿಸಿ

ದೋಷ ಯಾವಾಗ ಕಾಣುತ್ತದೆ ಎಂಬುದೇ ಅರ್ಧ ಉತ್ತರ. ಮಳೆ ಬಿದ್ದಾಗ ಅಥವಾ ಗಾಡಿ ತೊಳೆದ ಮೇಲೆ ಮಾತ್ರ ಬಂದರೆ ವೈರು, ಕಾಯಿಲುಗಳಿಗೆ ತೇವ ತಗುಲಿರಬಹುದು. ಭಾರ ಹೇರಿ ಏರು ಹತ್ತುವಾಗ ಬಂದರೆ ಪ್ಲಗ್ಗು, ಕಾಯಿಲು ಅಥವಾ ಪೆಟ್ರೋಲು ಸರಬರಾಜನ್ನು ಶಂಕಿಸಿ. ನಿಂತಲ್ಲಿ ನಡುಗಿ, ಓಡುವಾಗ ಸರಿಹೋದರೆ ಗಾಳಿಯ ರಬ್ಬರ್ ಕೊಳವೆ ಬಿರಿದಿರಬಹುದು. ಕೊಟ್ಟಿಗೆಯ ಬಳಿ ನಿಲ್ಲುವ ಗಾಡಿಗಳಲ್ಲಿ ಇಲಿ ವೈರು ಕಡಿದಿರುವುದು ಅಪರೂಪವಲ್ಲ. ಬಾನೆಟ್ ಎತ್ತಿ ಕಣ್ಣಾಡಿಸಿ.

ಮೀಟರಿನಲ್ಲಿ ಇಂಜಿನ್ ಚಿತ್ರದ ದೀಪ ಮಿನುಗುತ್ತಿದ್ದರೆ ಕನ್ವರ್ಟರಿಗೆ ಧಕ್ಕೆಯಾಗುತ್ತಿದೆ ಎಂದರ್ಥ. ಕೂಡಲೇ ವೇಗ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಸ್ಕ್ಯಾನರ್ ಹಾಕಿಸಿದಾಗ ಪಿ 0301 ಎಂದು ಬಂದರೆ ಒಂದನೆಯ ಸಿಲಿಂಡರು, ಪಿ 0302 ಎಂದರೆ ಎರಡನೆಯದು. ಪಿ 0300 ಎಂದರೆ ದೋಷ ಒಂದೇ ಸಿಲಿಂಡರಿಗೆ ಸೀಮಿತವಾಗಿಲ್ಲ.

ಕೆಟ್ಟ ಸಿಲಿಂಡರನ್ನು ಹುಡುಕುವುದು

ಸ್ಕ್ಯಾನರ್ ಇಲ್ಲದಿದ್ದರೆ ಹೀಗೆ ಮಾಡಿ. ಇಂಜಿನ್ ನಿಲ್ಲಿಸಿ, ಒಂದು ಸಿಲಿಂಡರಿನ ಇಂಜೆಕ್ಟರಿನ ವೈರಿನ ಸಾಕೆಟ್ ಕಳಚಿ, ಮತ್ತೆ ಚಾಲೂ ಮಾಡಿ ಕೆಲವೇ ಕ್ಷಣ ಆಲಿಸಿ. ನಡುಕ ಇನ್ನೂ ಹೆಚ್ಚಿದರೆ ಅಥವಾ ಇಂಜಿನ್ ನಿಂತೇಹೋದರೆ ಆ ಸಿಲಿಂಡರು ಒಳ್ಳೆಯದು. ಏನೂ ವ್ಯತ್ಯಾಸವಾಗದಿದ್ದರೆ ಸತ್ತಿರುವುದು ಅದೇ. ಒಂದನ್ನು ಮರಳಿ ಜೋಡಿಸಿದ ನಂತರವೇ ಮುಂದಿನದನ್ನು ಕಳಚಿ. ಇಂಜಿನ್ ಓಡುವಾಗ ಪ್ಲಗ್ಗಿನ ವೈರನ್ನು ಕೈಯಿಂದ ಎಳೆಯಬೇಡಿ. ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಪ್ಲಗ್ಗು ಹೇಳುವ ಕತೆ

ಇಂಜಿನ್ ತಣ್ಣಗಾದ ಮೇಲೆ ಸುತ್ತಲಿನ ಧೂಳು ಊದಿ, ಆ ಸಿಲಿಂಡರಿನ ಪ್ಲಗ್ಗು ಬಿಚ್ಚಿ ನೋಡಿ.

● ತಿಳಿ ಕಂದು ಬಣ್ಣ: ಆರೋಗ್ಯ.
● ಒಣ ಕರಿ ಮಸಿ: ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ನೋಡಿ.
● ಪೆಟ್ರೋಲಿನ ವಾಸನೆಯ ತೇವ: ಕಿಡಿ ಹಾರುತ್ತಿಲ್ಲ.
● ಎಣ್ಣೆಯ ಜಿಡ್ಡು: ರಿಂಗು ಅಥವಾ ವಾಲ್ವ್ ಸೀಲು ಸವೆದಿದೆ.
● ಸುಟ್ಟ ಬಿಳುಪು: ಅತಿ ಶಾಖ, ಅಥವಾ ಪೆಟ್ರೋಲು ಕಡಿಮೆ.

ಕಿಡಿಯ ಸಂದನ್ನು ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟೇ ಇಡತಕ್ಕದ್ದು. ಹೊಸ ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ಪೂರ್ತಿ ತಿರುಗಿಸಿ, ಅನಂತರ ಪಾನೆ ಹಾಕಿ. ಅಡ್ಡಮರೆ ಹತ್ತಿಸಿದರೆ ಅಲ್ಯುಮಿನಿಯಂ ಹೆಡ್ಡೇ ಹಾಳಾಗುತ್ತದೆ.

ಅದಲುಬದಲು ಪರೀಕ್ಷೆ

ಪ್ಲಗ್ಗು ಚೆನ್ನಾಗಿ ಕಂಡರೂ ನಂಬಬೇಡಿ. ಅದನ್ನು ಪಕ್ಕದ ಸಿಲಿಂಡರಿನ ಪ್ಲಗ್ಗಿನೊಡನೆ ಬದಲಿಸಿ. ದೋಷ ಪಕ್ಕದ ಸಿಲಿಂಡರಿಗೆ ಹೋದರೆ ಪ್ಲಗ್ಗೇ ಕೆಟ್ಟಿದೆ. ಹೋಗದಿದ್ದರೆ, ಸಿಲಿಂಡರಿಗೊಂದು ಕಾಯಿಲು ಇರುವ ಗಾಡಿಗಳಲ್ಲಿ ಕಾಯಿಲನ್ನು ಹೀಗೆಯೇ ಬದಲಿಸಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನೂ ಬದಲಿಸಿದರೆ ಯಾವುದು ಕೆಟ್ಟದ್ದೆಂದು ತಿಳಿಯದು. ಕಿಡಿ ಸರಿಯಾಗಿದ್ದೂ ದೋಷ ಉಳಿದರೆ ಇಂಜೆಕ್ಟರನ್ನು ಪರೀಕ್ಷಿಸಿಸಿ.

ಕಂಪ್ರೆಶನ್ ಪರೀಕ್ಷೆ

ಇದನ್ನು ವರ್ಕ್‌ಶಾಪಿನಲ್ಲಿ ಮಾಡಿಸಿ, ಮುಂದೆ ನಿಂತು ನೋಡಿ. ಒಂದು ಸಿಲಿಂಡರಿನ ಒತ್ತಡ ಉಳಿದವಕ್ಕಿಂತ ಬಹಳ ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡೂ ಕಡಿಮೆಯಿದ್ದರೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ, ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಈ ಪರೀಕ್ಷೆ ಆಗದೆ ಇಂಜಿನ್ ಬಿಚ್ಚಲು ಒಪ್ಪಬೇಡಿ.

ಡೀಸೆಲ್ ಗಾಡಿಯವರಿಗೆ ಎಚ್ಚರಿಕೆ

ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗು ಇರುವುದಿಲ್ಲ. ಹಳೆಯ ಟ್ರ್ಯಾಕ್ಟರುಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಸಿಲಿಂಡರು ಪರೀಕ್ಷಿಸುವ ರೂಢಿಯಿದೆ. ಹೊಸ ಕಾಮನ್ ರೈಲ್ ಇಂಜಿನ್ನಿನಲ್ಲಿ ಇದನ್ನು ಸರ್ವಥಾ ಮಾಡಕೂಡದು. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ.

ಕೊನೆಯದಾಗಿ, ಏರ್ ಫಿಲ್ಟರನ್ನು ಕಾಲಕಾಲಕ್ಕೆ ಶುಚಿಮಾಡಿ; ಪ್ಲಗ್ಗುಗಳನ್ನು ಕೈಪಿಡಿಯ ಅವಧಿಗೆ ಬದಲಿಸಿ; ಬದಲಿಸಿದ ದಿನ ಮತ್ತು ಕಿಲೋಮೀಟರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಪೈರಿಗೆ ರೋಗ ಗೊತ್ತಾಗದೆ ಔಷಧ ಹೊಡೆಯುವುದಿಲ್ಲ. ಇಂಜಿನ್ನಿಗೂ ಅದೇ ನಿಯಮ.