ಸೀಟಿ ಊದದ ಆ ಎರಡು ಸೆಕೆಂಡು

ಇವತ್ತಿನ ಸಂಚಿಕೆ ಹುಟ್ಟಿದ್ದು ಕಳೆದ ಶನಿವಾರ, ಮಕ್ಕಳ ಫುಟ್‌ಬಾಲ್ ಲೀಗಿನ ಮೈದಾನದಲ್ಲಿ. ಪೆನಾಲ್ಟಿ ಬಾಕ್ಸ್ ಒಳಗೆ ನಮ್ಮ ತಂಡದ ಹುಡುಗನೊಬ್ಬನನ್ನು ಎದುರಾಳಿ ಕಾಲು ಅಡ್ಡ ಹಾಕಿ ಬೀಳಿಸಿದ. ರೆಫರಿ ಆಗಿದ್ದವಳು ಹದಿನಾರು ಹದಿನೇಳರ ಹುಡುಗಿ. ಸೀಟಿ ಊದಲೇ ಇಲ್ಲ! ಗೆರೆಯಾಚೆ ನಿಂತಿದ್ದ ಅಪ್ಪ-ಅಮ್ಮಂದಿರು, ನಾವೂ ಸೇರಿ, "ಪೆನಾಲ್ಟಿ!" ಅಂತ ಕಿರುಚಿದೆವು. ಚೆಂಡು ಉರುಳಿ ನಮ್ಮ ಇನ್ನೊಬ್ಬ ಹುಡುಗನ ಕಡೆ ಹೋಗ್ತಿತ್ತು. ಅವನು ಮುಟ್ಟುವ ಮೊದಲೇ ಎದುರಾಳಿ ಅದನ್ನು ಹೊರಗೆ ಹೊಡೆದ. ಆಗ ಸೀಟಿ ಕೇಳಿಸಿತು. ಪೆನಾಲ್ಟಿ. ಈಗ ಕಿರುಚುವ ಸರದಿ ಆ ಕಡೆಯ ಪೋಷಕರದ್ದು: "ಇಷ್ಟು ತಡವಾಗಿ ಹೇಗೆ ಕೊಡ್ತಾರೆ?"

ಮನೆಗೆ ಬಂದು ನಿಯಮ ಓದಿದೆವು. ಸರಿ ಇದ್ದವಳು ಅವಳೊಬ್ಬಳೇ.

ಫುಟ್‌ಬಾಲಿನ 5ನೇ ನಿಯಮದಲ್ಲಿ 'ಅಡ್ವಾಂಟೇಜ್' ಅಂತ ಒಂದು ಮಾತಿದೆ. ಫೌಲ್ ಆದರೂ, ಅನ್ಯಾಯಕ್ಕೊಳಗಾದ ತಂಡಕ್ಕೆ ಆಟ ಮುಂದುವರಿದರೇ ಲಾಭ ಅನಿಸಿದರೆ ರೆಫರಿ ಆಟ ಬಿಡಬಹುದು. ಆ ಲಾಭ ಕೆಲವೇ ಸೆಕೆಂಡುಗಳಲ್ಲಿ ಕೈಗೆ ಬಾರದಿದ್ದರೆ ಹಿಂದಿನ ಫೌಲ್‌ಗೇ ಸೀಟಿ ಊದಬಹುದು. ಆದರೆ ಅವಕಾಶ ಸಿಕ್ಕಿ, ಆಟಗಾರನೇ ಅದನ್ನು ಹಾಳು ಮಾಡಿಕೊಂಡರೆ ಎರಡನೇ ಅವಕಾಶ ಇಲ್ಲ.

ಗೋಲಿನ ಹತ್ತಿರ ಈ ಲೆಕ್ಕ ಸೂಕ್ಷ್ಮ. ದೊಡ್ಡ ಲೀಗುಗಳಲ್ಲಿ ಪೆನಾಲ್ಟಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಗೋಲಾಗುತ್ತವೆ. ಆಟದ ನಡುವೆ ಹೊಡೆದ ಹೊಡೆತಗಳಲ್ಲಿ ಗೋಲಾಗುವುದು ಹೆಚ್ಚುಕಡಿಮೆ ಹತ್ತಕ್ಕೊಂದು. ಅಂದರೆ ಬಾಕ್ಸ್ ಒಳಗೆ ಫೌಲ್ ಆದಾಗ ಆಟ ಬಿಡಬೇಕಾದರೆ, ಮುಂದಿರುವ ಅವಕಾಶ ಪೆನಾಲ್ಟಿಗಿಂತಲೂ ಒಳ್ಳೆಯದಿರಬೇಕು. ಬಹುಮಟ್ಟಿಗೆ ಖಾಲಿ ಗೋಲೇ ಎದುರಿಗಿರಬೇಕು! ಅದೇ ಫೌಲ್ ಬಾಕ್ಸಿನ ಗೆರೆಯಿಂದ ಅರ್ಧ ಮೀಟರ್ ಹೊರಗಾದರೆ? ಸಿಗುವುದು ಫ್ರೀ ಕಿಕ್. ನೇರವಾಗಿ ಗೋಲಿಗೆ ಹೊಡೆದ ಫ್ರೀ ಕಿಕ್‌ಗಳಲ್ಲಿ ಹತ್ತಕ್ಕೊಂದೂ ಒಳಗೆ ಹೋಗುವುದಿಲ್ಲ. ಅಲ್ಲಿ ಸಾಧಾರಣ ಅವಕಾಶವನ್ನೂ ಬಿಟ್ಟುಕೊಡಬಾರದು.

ಇದನ್ನೆಲ್ಲ ತೂಗಲು ಟೈಮೆಲ್ಲಿ? ಕಣ್ಣಿಗೆ ಕಂಡದ್ದಕ್ಕೆ ಕೈಕಾಲು ಸ್ಪಂದಿಸಲು ನಮಗೆ ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಗಂಟೆಗೆ 72 ಕಿ.ಮೀ. ವೇಗದ ಚೆಂಡು ಅಷ್ಟರಲ್ಲೇ 4 ಮೀಟರ್ ದಾಟಿರುತ್ತದೆ. ಹಾಗಾಗಿ ಅನುಭವಿ ರೆಫರಿಗಳು ಸೀಟಿಯನ್ನು ಬಾಯಲ್ಲಿ ಕಚ್ಚಿಕೊಂಡಿರುವುದಿಲ್ಲ, ಕೈಯಲ್ಲಿ ಹಿಡಿದಿರುತ್ತಾರೆ. ಕೈ ಬಾಯಿಗೆ ಬರುವಷ್ಟು ಹೊತ್ತು ಯೋಚನೆಗೆ ಸಿಗುತ್ತದೆ.

ಯಾಕಿಷ್ಟು ಮುಖ್ಯ ಅಂದರೆ, ಕಾಯುವುದನ್ನು ತಿದ್ದಬಹುದು, ಊದಿದ್ದನ್ನು ತಿದ್ದಲಾಗದು. ಸೀಟಿ ಕೇಳಿಸಿತೋ, ಆಟ ಅಲ್ಲಿಗೇ ನಿಂತಿತು. ಆಮೇಲೆ ಬಿದ್ದ ಗೋಲನ್ನು ಇಂದಿನ ವಿಡಿಯೋ ರೆಫರಿಯೂ ವಾಪಸ್ ತರಲಾರ.

2006ರ ಮೇ 17, ಪ್ಯಾರಿಸ್. ಚಾಂಪಿಯನ್ಸ್ ಲೀಗ್ ಫೈನಲ್, ಬಾರ್ಸಿಲೋನಾ ಮತ್ತು ಆರ್ಸೆನಲ್. 18ನೇ ನಿಮಿಷದಲ್ಲಿ ಸ್ಯಾಮ್ಯುಯೆಲ್ ಎಟೊ ಗೋಲ್‌ಕೀಪರ್ ಯೆನ್ಸ್ ಲೇಮನ್‌ನನ್ನು ದಾಟಲು ಹೋದ. ಲೇಮನ್ ಬಾಕ್ಸಿನ ಹೊರಗೇ ಅವನನ್ನು ಬೀಳಿಸಿದ. ಚೆಂಡು ಲುಡೊವಿಕ್ ಜೂಲಿಗೆ ಸಿಕ್ಕಿತು, ಅವನು ಖಾಲಿ ಗೋಲಿಗೆ ತಳ್ಳಿದ. ಆದರೆ ನಾರ್ವೆಯ ರೆಫರಿ ಟೆರ್ಯೆ ಹೌಗೆ ಅಷ್ಟರಲ್ಲಿ ಸೀಟಿ ಊದಿಯಾಗಿತ್ತು! ಗೋಲು ರದ್ದು, ಲೇಮನ್‌ಗೆ ಕೆಂಪು ಕಾರ್ಡ್, ಬಾರ್ಸಿಲೋನಾಗೆ ಬರೀ ಫ್ರೀ ಕಿಕ್. ಇನ್ನೊಬ್ಬ ಗೋಲ್‌ಕೀಪರ್‌ನನ್ನು ಇಳಿಸಲು ಆರ್ಸೆನಲ್ ರೊಬೇರ್ ಪಿರೆಸ್‌ನನ್ನು ಹೊರಗೆ ಕರೆಸಿತು. ಒಂದು ಕಡೆಗೆ ಗೋಲು ಹೋಯಿತು, ಇನ್ನೊಂದು ಕಡೆ ಉಳಿದ ಅಷ್ಟೂ ಹೊತ್ತು ಹತ್ತೇ ಜನ ಆಡಿದರು. ಕೊನೆಗೆ ಬಾರ್ಸಿಲೋನಾ 2-1ರಿಂದ ಗೆದ್ದಿತು, ನಿಜ. ಆದರೆ ಒಂದೆರಡು ಸೆಕೆಂಡು ತಡೆದಿದ್ದರೆ ಅದು ಬೇರೆಯದೇ ಪಂದ್ಯ.

ಕ್ರಿಕೆಟ್ ನೋಡುವವರಿಗೆ ಇದು ಹೊಸದಲ್ಲ. ಅಂಪೈರ್ ಎಲ್‌ಬಿಡಬ್ಲ್ಯು ಕೊಟ್ಟ ಮೇಲೆ ರಿವ್ಯೂನಲ್ಲಿ ನಾಟೌಟ್ ಆದರೂ, ಆ ಚೆಂಡಿಗೆ ಓಡಿದ ಲೆಗ್‌ಬೈ ರನ್ ಲೆಕ್ಕಕ್ಕಿಲ್ಲ. ಬೆರಳೆತ್ತಿದ ಕ್ಷಣಕ್ಕೇ ಚೆಂಡು ಡೆಡ್.

ಹಾಗಂತ ಅಡ್ವಾಂಟೇಜ್ ಕೊಟ್ಟರೆ ಫೌಲ್ ಮಾಡಿದವನಿಗೆ ಮಾಫಿ ಅಂತಲ್ಲ. ಖಚಿತ ಗೋಲಿನ ಅವಕಾಶ ತಪ್ಪಿಸಲು ಫೌಲ್ ಮಾಡಿದರೂ ರೆಫರಿ ಆಟ ಬಿಟ್ಟರೆ, ಈಗಿನ ನಿಯಮದಂತೆ ಕೆಂಪಿನ ಬದಲು ಹೆಚ್ಚೆಂದರೆ ಹಳದಿ ಕಾರ್ಡ್. ಆಟ ನಿಂತಾಗ ತೋರಿಸುತ್ತಾರೆ. ಕಾಲು ಮುರಿಯುವಂಥ ಫೌಲ್ ಆದರೆ, ಗೋಲಿನ ಸ್ಪಷ್ಟ ಅವಕಾಶ ಎದುರಿಗಿಲ್ಲದಿದ್ದರೆ, ತಕ್ಷಣ ಊದಬೇಕು.

ಮತ್ತೆ ನಮ್ಮ ಶನಿವಾರಕ್ಕೆ ಬರೋಣ. ಎರಡೂ ಕಡೆಯ ದೊಡ್ಡವರು ಕಿರುಚುತ್ತಿದ್ದಾಗ ಆ ಹುಡುಗಿ ಕೈಯಲ್ಲಿ ಸೀಟಿ ಹಿಡಿದು ಚೆಂಡನ್ನೇ ನೋಡುತ್ತಿದ್ದಳು. ಆ ಎರಡು ಸೆಕೆಂಡು ಅವಳಿಗೆಷ್ಟು ಉದ್ದವಾಗಿತ್ತೋ! ಮುಂದಿನ ವಾರ ಸಿಕ್ಕರೆ ಒಂದು ಥ್ಯಾಂಕ್ಸ್ ಹೇಳಬೇಕು ಅಂತಿದ್ದೇವೆ. ನೀವೂ ಮೈದಾನದಂಚಿನಲ್ಲಿ ನಿಂತಾಗ, ಕೂಗುವ ಮೊದಲು ಮನಸ್ಸಿನಲ್ಲೇ ಒಂದು, ಎರಡು ಅಂತ ಎಣಿಸಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.