ಪೆಟ್ಟಿಗೆಗೆ ಅಪವಾದ, ಕಳ್ಳ ಇರೋದು ತಂತಿಯಲ್ಲಿ!

ತುಮಕೂರು: ರಾತ್ರಿ ಪಾಳಿ. ಗಂಟೆ ಎರಡು. ಚೆನ್ನಾಗಿ ಓಡುತ್ತಿದ್ದ ಪ್ಯಾಕಿಂಗ್ ಯಂತ್ರ ಗಕ್ಕನೆ ನಿಂತುಬಿಡುತ್ತದೆ. ಬೆಲ್ಟು ಹರಿದಿಲ್ಲ, ಮೋಟಾರು ಸುಟ್ಟಿಲ್ಲ, ಕರೆಂಟೂ ಹೋಗಿಲ್ಲ. ಗುಂಡಿ ಒತ್ತಿದರೆ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡದು. ಹತ್ತೇ ನಿಮಿಷಕ್ಕೆ ಕೂಗು ಏಳುತ್ತದೆ: ‘ಪಿಎಲ್‌ಸಿ ಹೋಯ್ತು! ಬೆಂಗಳೂರಿಂದ ಎಂಜಿನಿಯರ್ ಬರಬೇಕು!’

ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರದ ಕಡೆ ಪಾಳಿ ಬಸ್ಸು ಹತ್ತುವವರಿಗೆ ಈ ಕೂಗು ಹೊಸದೇನಲ್ಲ. 70 ಕಿಲೋಮೀಟರ್ ದೂರದಿಂದ ಎಂಜಿನಿಯರ್ ಬರುವ ತನಕ ಯಂತ್ರಕ್ಕೆ ರಜೆ, ತುಂಡುಗೂಲಿಯವನ ಜೇಬಿಗೆ ಕತ್ತರಿ, ಪೇಟೆ ಅಂಗಡಿಗೆ ‘ಮಾಲು ನಾಳೆ ಬರುತ್ತೆ ಸ್ವಾಮಿ’ ಎಂಬ ಸಬೂಬು. ಕೊನೆಗೆ ಅವರು ಬಂದು ನೋಡಿದರೆ ಎಷ್ಟೋ ಸಲ ಸಿಗುವುದೇನು? ಸಡಿಲಾದ ಒಂದು ಸ್ಕ್ರೂ! ಬಿಗಿ ಮಾಡಲು ಎರಡು ನಿಮಿಷ. ಬಿಲ್ಲು ಮಾತ್ರ ಸಾವಿರಗಳಲ್ಲಿ.

ಯಾರಿದು ಪಿಎಲ್‌ಸಿ?

ಬಿಡಿಸಿ ಹೇಳಿದರೆ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್. ಯಂತ್ರದ ಮೇಸ್ತ್ರಿ ಅನ್ನಿ. ಚೀಲ ಬಂತೇ, ಬಾಗಿಲು ಮುಚ್ಚಿದೆಯೇ, ಗಾಳಿಯ ಒತ್ತಡ ಸಾಕಷ್ಟಿದೆಯೇ ಎಂದು ಸೆನ್ಸರುಗಳು ತರುವ ಸುದ್ದಿ ಕೇಳುವುದು. ಬರೆದಿಟ್ಟ ಪ್ರೋಗ್ರಾಮಿನ ಪ್ರಕಾರ ಲೆಕ್ಕ ಹಾಕುವುದು. ಮೋಟಾರು, ವಾಲ್ವುಗಳಿಗೆ ಹುಕುಂ ಕೊಡುವುದು. ಕೇಳು, ಯೋಚಿಸು, ಹೇಳು - ಈ ಸುತ್ತು ಒಂದು ಸೆಕೆಂಡಿಗೆ ಹತ್ತಾರು, ನೂರಾರು ಸಲ.

ಹಿಂದೆ ಈ ಕೆಲಸಕ್ಕೆ ಬೀರುವಿನಷ್ಟು ದೊಡ್ಡ ಪ್ಯಾನೆಲ್, ಅದರ ತುಂಬ ಟಕಟಕ ಅನ್ನುವ ರಿಲೇಗಳು. ಕಾರಿನ ಮಾದರಿ ಬದಲಾದಾಗಲೆಲ್ಲ ಅಷ್ಟೂ ತಂತಿ ಬಿಚ್ಚಿ ಮತ್ತೆ ಕಟ್ಟುವ ಗೋಳಿನಿಂದ ಬೇಸತ್ತ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1968ರಲ್ಲಿ ಬದಲಿ ವ್ಯವಸ್ಥೆ ಬೇಕೆಂದಿತು. ಡಿಕ್ ಮಾರ್ಲಿ ಮತ್ತವರ ಸಂಗಡಿಗರು ತಯಾರಿಸಿದ ‘ಮೋಡಿಕಾನ್ 084’ 1969ರಲ್ಲಿ ಬಂತು. ಇಲ್ಲೊಂದು ಸ್ವಾರಸ್ಯ ಉಂಟು. ಹೊಸ ಪೆಟ್ಟಿಗೆಯ ಭಾಷೆಯನ್ನು ಹಳೇ ರಿಲೇ ನಕ್ಷೆಯಂತೆ ಏಣಿಯ ಚಿತ್ರವಾಗಿಯೇ ಉಳಿಸಿಕೊಂಡರು. ಯಾಕೆ? ಕಾರ್ಖಾನೆಯ ಎಲೆಕ್ಟ್ರೀಷಿಯನ್ನೇ ಓದಿ ರಿಪೇರಿ ಮಾಡಲಿ ಅಂತ! ಅವನ ಕೈಗೆಂದೇ ಹುಟ್ಟಿದ ಪೆಟ್ಟಿಗೆಗೆ ಇಂದು ಅವನೇ ಹೆದರಿ ದೂರ ನಿಲ್ಲುತ್ತಾನೆ.

ದೀಪ ನೋಡಿ ರೋಗ ಹೇಳಿ

ಪೆಟ್ಟಿಗೆಯ ಮುಖದ ಮೇಲೆ ಪುಟ್ಟ ದೀಪಗಳಿವೆ. ‘ರನ್’ ದೀಪ ಉರಿಯುತ್ತಿದ್ದು, ತಪ್ಪು ತೋರಿಸುವ ಕೆಂಪು ದೀಪ ಆರಿದ್ದರೆ ಮೇಸ್ತ್ರಿ ಬಹುಮಟ್ಟಿಗೆ ಆರೋಗ್ಯವಾಗಿದ್ದಾನೆ. ರೋಗ ಹೊರಗೆ ಹುಡುಕಬೇಕು.

ಮೊದಲು ಒಳಬರುವ ಸುದ್ದಿ. ಸೆನ್ಸರಿನ ಬೆನ್ನಲ್ಲಿರುವ ದೀಪ ಉರಿದು, ಪಿಎಲ್‌ಸಿಯಲ್ಲಿ ಅದೇ ನಂಬರಿನ ದೀಪ ಉರಿಯದಿದ್ದರೆ ನಡುವಿನ ತಂತಿಯ ಮೇಲೆ ಗುಮಾನಿ: ಇಲಿ ಕಡಿದಿರಬಹುದು, ಯಂತ್ರದ ಅದುರಿಗೆ ಟರ್ಮಿನಲ್ ಸ್ಕ್ರೂ ಸಡಿಲಾಗಿರಬಹುದು. ಸೆನ್ಸರಿನ ದೀಪವೇ ಇಲ್ಲವೋ? ಅದರ ಮೂತಿಗೆ ಧೂಳು ಮೆತ್ತಿದೆಯೇ, ಒದೆ ತಿಂದು ಎರಡು ಮಿಲಿಮೀಟರ್ ಆಚೆ ಸರಿದಿದೆಯೇ ನೋಡಬೇಕು. ಅಷ್ಟಕ್ಕೇ ಅದು ಕುರುಡಾಗುತ್ತದೆ.

ಆಮೇಲೆ ಹೊರಹೋಗುವ ಹುಕುಂ. ಔಟ್‌ಪುಟ್ ದೀಪ ಉರಿದರೂ ಮೋಟಾರು ತಿರುಗದಿದ್ದರೆ ಫ್ಯೂಸು, ಔಟ್‌ಪುಟ್ ರಿಲೇ, ಕಾಂಟ್ಯಾಕ್ಟರ್, ಓವರ್‌ಲೋಡ್ - ಈ ಸಾಲಿನಲ್ಲಿ ಮೀಟರ್ ಹಿಡಿದು ಹೋಗಬೇಕು. ಆ ದೀಪವೇ ಉರಿಯುತ್ತಿಲ್ಲ ಅಂದ್ರೆ ಮೇಸ್ತ್ರಿ ಯಾವುದೋ ಷರತ್ತಿಗೆ ಕಾಯುತ್ತಿದ್ದಾನೆ ಎಂದರ್ಥ. ಏಣಿ ಚಿತ್ರ ತೆರೆದು ಯಾವ ಮೆಟ್ಟಿಲಲ್ಲಿ ತಡೆ ಇದೆ ನೋಡಿದರೆ ಗುಟ್ಟು ಬಯಲು. ಅರ್ಧ ಮುಚ್ಚಿದ ಬಾಗಿಲೋ, ಯಾರೋ ಒತ್ತಿ ಮರೆತ ಕೆಂಪು ಗುಂಡಿಯೋ!

ಬಂದು ಹೋಗುವ ಕಾಯಿಲೆ

ಬೆಳಿಗ್ಗೆ ಸರಿ, ಮಧ್ಯಾಹ್ನ ಕೈಕೊಡುವ ಯಂತ್ರವೇ ಎಲ್ಲಕ್ಕಿಂತ ಕಾಟ. ಆಗ 24 ವೋಲ್ಟಿನ ಪವರ್ ಸಪ್ಲೈ ಮೇಲೆ ಕಣ್ಣಿಡಬೇಕು. ವರ್ಷಾನುಗಟ್ಟಲೆ ಸೆಕೆಯಲ್ಲಿ ಬೆಂದು ಅದರ ಕೆಪಾಸಿಟರ್‌ಗಳು ಒಣಗುತ್ತವೆ. ಯಂತ್ರ ಸುಮ್ಮನಿದ್ದಾಗ ಮೀಟರಿನಲ್ಲಿ 24 ತೋರಿ, ನಾಲ್ಕು ವಾಲ್ವು ಒಟ್ಟಿಗೆ ಎಳೆದಾಗ 18ಕ್ಕೆ ಕುಸಿದರೆ ಕಾಯಿಲೆ ಸಿಕ್ಕಿತು. ಲೋಡ್ ಇರುವಾಗಲೇ ಅಳೆಯಬೇಕು ಎನ್ನುವುದು ಅದಕ್ಕೇ.

ಇನ್ನು ಬ್ಯಾಟರಿ. ಹಳೆಯ ಎಷ್ಟೋ ಪಿಎಲ್‌ಸಿಗಳಲ್ಲಿ ಕರೆಂಟು ಹೋದಾಗ ಪ್ರೋಗ್ರಾಮನ್ನು ಕಾಯುವುದು ಬೆರಳುದ್ದದ ಲಿಥಿಯಂ ಬ್ಯಾಟರಿ. ಅದು ಸತ್ತಿದ್ದು, ರಾತ್ರಿ ಕರೆಂಟೂ ಹೋಯಿತೆಂದರೆ ಬೆಳಿಗ್ಗೆ ಮೇಸ್ತ್ರಿಗೆ ಎಲ್ಲ ಮರೆತಿರುತ್ತದೆ! ಇಂಥ ಮಾದರಿಗಳಲ್ಲಿ ಸಾಮಾನ್ಯವಾಗಿ ಪವರ್ ಇರುವಾಗಲೇ ಬ್ಯಾಟರಿ ಬದಲಿಸಬೇಕು. ಆಫ್ ಮಾಡಿ ತೆಗೆದರೆ ಪ್ರೋಗ್ರಾಮೂ ಅದರೊಂದಿಗೆ ಹೋದೀತು. ಕಾರ್ಡು ಕೀಳುವಾಗ ಮಾತ್ರ ಉಲ್ಟಾ: ಬಹುತೇಕ ಮಾದರಿಗಳಲ್ಲಿ ಮೊದಲು ಪವರ್ ಬಂದ್ ಮಾಡಬೇಕು. ಕಂಪನಿಯ ಪುಸ್ತಕ ನೋಡದೆ ಎರಡಕ್ಕೂ ಕೈ ಹಾಕಬಾರದು.

ತುಂಡು ತಂತಿಯ ಪಾಪ

ರಿಪೇರಿಯ ಹೆಸರಲ್ಲಿ ನಡೆಯುವ ಒಂದು ಕೆಟ್ಟ ಕೆಲಸ ಹೇಳಲೇಬೇಕು. ಬಾಗಿಲಿನ ಸೇಫ್ಟಿ ಸ್ವಿಚ್ ಕೆಟ್ಟಿತೆಂದು ತುಂಡು ತಂತಿ ಸುತ್ತಿ, ‘ಈಗ ಓಡ್ಲಿ, ನಾಳೆ ನೋಡೋಣ’ ಎನ್ನುವುದು. ಲ್ಯಾಪ್‌ಟಾಪಿನಿಂದ ಸುಳ್ಳು ಸಿಗ್ನಲ್ ಕೊಟ್ಟು ಓಡಿಸಿ, ತೆಗೆಯುವುದನ್ನು ಮರೆಯುವುದೂ ಇದೇ ಜಾತಿ. ಬಾಗಿಲು ತೆರೆದಿದ್ದರೂ ಮುಚ್ಚಿದೆ ಎಂದೇ ಮೇಸ್ತ್ರಿ ನಂಬುತ್ತಾನೆ. ಒಳಗೆ ಕೈ ಹಾಕಿದ ಹುಡುಗನ ಬೆರಳು ಹೋದ ಮೇಲೆ ಆ ‘ನಾಳೆ’ ಬಂದು ಏನು ಪ್ರಯೋಜನ? ನಿಂತ ಯಂತ್ರದ ನಷ್ಟ ನಾಳೆ ತುಂಬಬಹುದು. ಬೆರಳನ್ನು?

ಮಾಲೀಕರು ಮಾಡಬೇಕಾದ್ದು ಬೆಟ್ಟ ಅಗೆಯುವ ಕೆಲಸವೇನಲ್ಲ. ಪ್ರೋಗ್ರಾಮಿನ ಪ್ರತಿ ಎರಡು ಕಡೆ ಇರಲಿ. ಯಂತ್ರ ಮಾರಿದ ಪಾರ್ಟಿ ಕೊಡದಿದ್ದರೆ ಕೊನೆಯ ಕಂತು ಕೊಡುವ ಮುಂಚೆಯೇ ಕೇಳಿ ಪಡೆಯಲಿ. ವೈರಿಂಗ್ ನಕ್ಷೆ ಪ್ಯಾನೆಲ್ ಬಾಗಿಲಲ್ಲೇ ಇರಲಿ. ಬ್ಯಾಟರಿ ಬದಲಿಸಿದ ತಾರೀಖು ಅದರ ಮೇಲೆ ಬರೆದಿರಲಿ. ಯಾವ ದಿನ ಏನು ಕೆಟ್ಟಿತು, ಹೇಗೆ ಸರಿಹೋಯಿತು ಎಂಬುದಕ್ಕೆ ಒಂದು ನೋಟ್‌ಬುಕ್ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಐಟಿಐ ಮುಗಿಸಿ ಬಂದ ಊರಿನ ಹುಡುಗನಿಗೆ ಪ್ಯಾನೆಲ್ಲಿನ ಬೀಗದಕೈ ಜತೆ ಆ ಏಣಿ ಚಿತ್ರ ಓದುವ ವಿದ್ಯೆಯನ್ನೂ ಕೊಡಲಿ.

ಆಗ ರಾತ್ರಿ ಎರಡಕ್ಕೆ ಯಂತ್ರ ನಿಂತರೆ ಬೆಂಗಳೂರಿಗೆ ಫೋನು ಹೋಗದು. ಸ್ಕ್ರೂಡ್ರೈವರ್ ಹುಡುಕುತ್ತಾರೆ, ಅಷ್ಟೆ.