ನಾಲಗೆಯ ಕಟ್ಟು

ತಿರುಳ್ಗನ್ನಡದ ಸೀಮೆಯನ್ನು ಗುರುತಿಸಲು ಕವಿರಾಜಮಾರ್ಗವು ಹೆಸರಿಸಿದ ಊರುಗಳಲ್ಲಿ ಪುಲಿಗೆರೆಯೂ ಒಂದು; ಅದೇ ಇಂದಿನ ಲಕ್ಷ್ಮೇಶ್ವರ. ಆ ಸೀಮೆಯ ತಾಯಿಯೊಬ್ಬಳು ಕೂಸಿನ ನಾಲಗೆಯಡಿಯ ತಂತು ಬಿಗಿದಿರುವುದನ್ನು ಕಂಡರೆ, ಮಗು ಮೂಕವಾದೀತೆಂದು ಬೆದರುವುದು ಸಹಜ. ಆದರೆ ಈ ಕಟ್ಟಿನಿಂದ ಮೂಕತನ ಬರುವುದಿಲ್ಲ. ಮಾತು ತಡವಾದರೆ ಮೊದಲು ಕಿವಿಯನ್ನು ಪರೀಕ್ಷಿಸಬೇಕು.

ಇಲ್ಲಿ ಕೇಳತಕ್ಕ ಪ್ರಶ್ನೆ ಹಾಲಿನದು: ಕೂಸು ಮೊಲೆಯನ್ನು ಚೆನ್ನಾಗಿ ಹಿಡಿಯುವುದೆ? ತೂಕ ಏರುತ್ತಿದೆಯೆ? ತಾಯಿಗೆ ತೊಟ್ಟಿನಲ್ಲಿ ನೋವುಂಟೆ? ಹಾಲೂಡುವ ಕ್ರಮವನ್ನು ತಿದ್ದಿದ ಮೇಲೂ ತೊಂದರೆ ಉಳಿದರೆ ವೈದ್ಯರು ತಂತುವನ್ನು ಕತ್ತರಿಯಿಂದ ಬಿಡಿಸುವರು. ಎಳೆಗೂಸಿಗೆ ಇದು ಕ್ಷಣಕಾಲದ ಚಿಕಿತ್ಸೆ. ಪ್ರಯೋಗಗಳನ್ನು ತೂಗಿ ನೋಡಿದ 2017ರ ಕಾಕ್ರೇನ್ ವರದಿಯಂತೆ, ಇದರಿಂದ ತಾಯಿಯ ನೋವು ಕೆಲಕಾಲ ತಗ್ಗುವುದು. ಕೂಸಿನ ಹಾಲೂಟ ಸುಧಾರಿಸುವುದೆಂಬುದು ಸ್ಥಿರಪಟ್ಟಿಲ್ಲ. ಮನೆಯಲ್ಲಿ ಮಾತ್ರ ಉಗುರಿನಿಂದಾಗಲಿ ಬ್ಲೇಡಿನಿಂದಾಗಲಿ ಕೊಯ್ಯಕೂಡದು. ರಕ್ತ ಸೋರೀತು, ನಂಜೇರೀತು.